ಶಾಲೆ ಸುದ್ದಿ ಮನೆ ಮುಟ್ಟಿಸೋದು: ನನ್ನ ಅನುಭವ

ಮೊನ್ನೆ ಹೊಸದಾಗಿ ಎಚ್‌ಎಂ (ಮುಖ್ಯ ಶಿಕ್ಷಕಿ) ಚಾರ್ಜ್ ತಗೊಂಡ ಗೆಳತಿ ಒಬ್ಳು ಫೋನ್ ಮಾಡಿದ್ಲು. "ಬಂದ ಸುತ್ತೋಲೆ ಎಲ್ಲಾ ಗ್ರೂಪಿಗೆ ಹಾಕ್ತೀನಿ ಕಣೆ, ಆದ್ರೂ ಪಾಲಕರು ನಮಗೆ ಗೊತ್ತೇ ಇರ್ಲಿಲ್ಲ ಅಂತಾರೆ" ಅಂತ. ನಾನೂ ಮೂರು ವರ್ಷ ಇದೇ ಮಾತು ಹೇಳ್ಕೊಂಡು ಓಡಾಡಿದವಳೇ, ಅವಳ ಜೊತೆ ಒಂದು ತಾಸು ಮಾತಾಡಿದ್ನ ಇಲ್ಲಿ ಬರೆದಿಡ್ತೀನಿ, ಯಾರಿಗಾದ್ರೂ ಉಪಯೋಗ ಆದ್ರೆ ಆಗ್ಲಿ.

ನಮ್ಮದು ಉತ್ತರ ಕನ್ನಡ, ಘಟ್ಟದ ಮೇಲಿನ ಒಂದು ಹಳ್ಳಿ, ಒಂದರಿಂದ ಏಳರ ತನಕ ಶಾಲೆ, 43 ಮಕ್ಕಳು. ಹೊರಗಿನವರಿಗೆ ಗೊತ್ತಿರಲ್ಲ, ನಮ್ಮಲ್ಲಿ ಕಂದಾಯದ ಲೆಕ್ಕಕ್ಕೆ ಒಂದೇ ಜಿಲ್ಲೆ, ಆದ್ರೆ ಶಾಲೆ ಲೆಕ್ಕಕ್ಕೆ ಎರಡು. ಕರಾವಳಿ ತಾಲೂಕುಗಳು ಕಾರವಾರಕ್ಕೆ, ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ ಕಡೆಯವೆಲ್ಲ ಶಿರಸಿ ಶೈಕ್ಷಣಿಕ ಜಿಲ್ಲೆಗೆ. ಅಂದ್ರೆ ಶಾಲೆಗಳ ಮೇಲಧಿಕಾರಿ, ನಮ್ಮ ಡಿಡಿಪಿಐ (ಶಿಕ್ಷಣ ಇಲಾಖೆ ಉಪನಿರ್ದೇಶಕರು) ಕೂರೋದು ಶಿರಸಿಲಿ, ಮಳೆ ರಜೆ ಕೊಡೋ ಡಿಸಿ ಸಾಹೇಬ್ರು ಕಾರವಾರದಲ್ಲಿ. ರಜೆ ಆದೇಶ ಒಂದು ಕಡೆಯಿಂದ, ಉಳಿದ ಸುತ್ತೋಲೆ ಇನ್ನೊಂದು ಕಡೆಯಿಂದ, ಎರಡೂ ತಾಲೂಕಿನ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಬಂದು, ಸುತ್ತಲಿನ ಶಾಲೆಗಳನ್ನ ನೋಡ್ಕೊಳ್ಳೋ ಸಿಆರ್‌ಪಿ ಹತ್ರ ಬಂದು, ಎಚ್‌ಎಂ ಗ್ರೂಪಿಗೆ ಬಿದ್ದು, ಅಲ್ಲಿಂದ ನನ್ನ ಮೊಬೈಲಿಗೆ. ಇಷ್ಟರ ತನಕ ಎಲ್ಲಾ ಸರಿಯಾಗೇ ಬರ್ತದೆ. ಕಷ್ಟ ಇರೋದು ನನ್ನ ಮೊಬೈಲಿಂದ ಮುಂದೆ.

ನನ್ನ ಕಣ್ಣು ತೆರೆಸಿದ್ದು ಒಂದು ಜುಲೈ ತಿಂಗಳ ಮಳೆ. ರಾತ್ರಿ ಒಂಬತ್ತೂವರೆಗೆ ರಜೆ ಆದೇಶ ಬಂತು, ನಾಳೆ ಇಂತಿಂಥ ತಾಲೂಕಿನ ಅಂಗನವಾಡಿ, ಶಾಲೆ, ಪಿಯು ಕಾಲೇಜಿಗೆ ರಜೆ ಅಂತ. ಆದೇಶದ ಫೋಟೋ ಹಾಗೇ ಪಾಲಕರ ಗ್ರೂಪಿಗೆ ತಳ್ಳಿ ಮಲಗ್ದೆ. ಬೆಳಿಗ್ಗೆ ಎಂಟೂಮುಕ್ಕಾಲಿಗೆ ನಮ್ಮ ಅಡುಗೆ ಅಕ್ಕನ ಫೋನು, "ಅಕ್ಕೋರೆ, ಹಳ್ಳದಾಚೆ ಮನೆ ಎರಡು ಮಕ್ಕಳು ಶಾಲೆ ಜಗಲಿ ಮೇಲೆ ಕೂತಿದ್ದೋ". ಮೂರನೇ ಕ್ಲಾಸಿನ ಹುಡುಗಿ, ಅವಳ ತಮ್ಮ ಒಂದನೇ ಕ್ಲಾಸು. ಇಬ್ಬರಿಗೂ ಸೇರಿ ಒಂದು ಕೊಡೆ. ಬರೋ ದಾರೀಲಿ ಹಳ್ಳಕ್ಕೆ ಹಾಕಿದ ಕಾಲುಸಂಕ (ನಡೆದು ದಾಟೋ ಸಣ್ಣ ಸೇತುವೆ) ದಾಟ್ಬೇಕು, ಆ ಮಳೆಗೆ ಹಳ್ಳ ಸಂಕಕ್ಕೆ ತಾಗ್ತಾ ಇತ್ತಂತೆ. ಅಡುಗೆ ಅಕ್ಕ ಅವರನ್ನ ಮನೆಗೆ ಕರ್ಕೊಂಡು ಹೋಗಿ, ಒಲೆ ಮುಂದೆ ಕೂರ್ಸಿ, ಚಾ ಮಾಡಿ ಕೊಟ್ಟು, ಮಧ್ಯಾಹ್ನ ಮಳೆ ಹೊಳವಾದ ಮೇಲೆ ಗಂಡನ್ನ ಜೊತೆ ಮಾಡಿ ಕಳಿಸಿದ್ಲು. ಆ ಮನೇಲಿ ನೆಟ್‌ವರ್ಕ್ ಇಲ್ಲ, ಗುಡ್ಡ ಹತ್ತಿದ್ರೆ ಮಾತ್ರ ಒಂದು ಕಡ್ಡಿ ಸಿಗ್ತದೆ, ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಲಗಿದ್ದೆ. ಆ ಮಕ್ಕಳ ಅಪ್ಪ ಮರುದಿನ ಬಂದು ಜಗಳ ಆಡಿದ್ರೆ ಚೆನ್ನಾಗಿತ್ತು, ಅವರು "ಅಡ್ಡಿಲ್ಲೆ ಅಕ್ಕೋರೆ" ಅಂದು ಸುಮ್ನೆ ಹೋದ್ರು.

ಆವತ್ತೇ ಸಂಜೆ ಹಾಜರಿ ಪುಸ್ತಕ ಎದುರಿಗೆ ಇಟ್ಕೊಂಡು ಒಂದು ನೂರು ಪುಟದ ನೋಟ್‌ಬುಕ್ಕಲ್ಲಿ ಮನೆ ಲೆಕ್ಕ ಬರ್ದೆ. 43 ಮಕ್ಕಳು ಅಂದ್ರೆ 31 ಮನೆ. ಅದರಲ್ಲಿ ವಾಟ್ಸಾಪ್ ಇರೋದು 22. ಆ 22ರಲ್ಲೂ ಆರು ಮನೇಲಿ ಫೋನು ಅಪ್ಪನ ಕೈಲಿ, ಅಪ್ಪ ಇರೋದು ಹುಬ್ಬಳ್ಳಿಲೋ ಗೋವಾದಲ್ಲೋ ಕೆಲಸಕ್ಕೆ. ನೀಲಿ ಟಿಕ್ ಬಿತ್ತು ಅಂದ್ಕೊಂಡು ನಾನು ಖುಷಿಯಾಗಿದ್ದೆ ಅಲ್ವಾ, ಆ ಟಿಕ್ಕು ಬಿದ್ದಿದ್ದು ಮಡಗಾಂವ್‌ನಲ್ಲಿ. ಗ್ರೂಪಲ್ಲಿ ಇಲ್ಲದ ಒಂಬತ್ತು ಮನೆ, ಅಪ್ಪ ಊರಲ್ಲಿಲ್ಲದ ಆರು ಮನೆ, ಈ ಹದಿನೈದು ಮನೆ ಎದುರಿಗೆ ಯಾರಿಂದ ಸುದ್ದಿ ಹೋಗ್ಬೇಕು ಅಂತ ಒಂದೊಂದು ಹೆಸರು ಬರ್ದೆ. ಪಕ್ಕದ ಮನೆಯವರು, ಲ್ಯಾಂಡ್‌ಲೈನ್ ಇನ್ನೂ ಇಟ್ಕೊಂಡಿರೋ ಅಡಿಕೆ ತೋಟದ ಹೆಗಡೆಯವರ ಮನೆ, ಬೆಳಿಗ್ಗೆ ಆ ದಾರೀಲಿ ಹೋಗೋ ಲೈನ್‌ಮ್ಯಾನ್. ಆಮೇಲೆ ಎಸ್‌ಡಿಎಂಸಿ (ಶಾಲೆ ಮೇಲುಸ್ತುವಾರಿ ಸಮಿತಿ) ಸಭೇಲಿ ಇದನ್ನ ಓದಿ ಹೇಳಿ, ಆ ಹೆಸರಿನವರನ್ನ ಕೇಳಿ ಒಪ್ಪಿಸ್ಕೊಂಡೆ. ನಮ್ಮ ಎಸ್‌ಡಿಎಂಸಿಲಿ ಇರೋರು ಪಾಲಕರೇ, ಅದರಲ್ಲಿ ಅರ್ಧ ಹೆಂಗಸ್ರು, ಸಭೆ ಅಂದ್ರೆ ಸಹಿ ಹಾಕಿ ಹೋಗೋದು ಅಂತಿದ್ದವರು ಆವತ್ತು ಮಾತ್ರ ಒಂದೂವರೆ ತಾಸು ಕೂತಿದ್ರು, ಯಾಕಂದ್ರೆ ವಿಷಯ ಅವರ ಮಕ್ಕಳು ಸಂಕ ದಾಟೋದರದ್ದು.

ಅದೇ ಸಭೇಲಿ ಒಬ್ಬಾಕೆ ಹೇಳಿದ್ದು ಹಾಲಿನ ಡೈರಿ ವಿಷಯ. ನನಗೆ ಹೊಳೆದೇ ಇರ್ಲಿಲ್ಲ. ಬೆಳಿಗ್ಗೆ ಆರೂವರೆಯಿಂದ ಏಳೂವರೆ ಒಳಗೆ ಅರ್ಧ ಊರು ಹಾಲು ಹಾಕೋಕೆ ಡೈರಿಗೆ ಬರ್ತದೆ. ಡೈರಿ ಸೆಕ್ರೆಟರಿಗೆ ರಾತ್ರಿಯೇ ಒಂದು ಫೋನು, ಅವರು ಫ್ಯಾಟ್ ರೇಟ್ ಬರೆಯೋ ಬೋರ್ಡಿನ ಕೆಳಗೆ ಸುಣ್ಣದ ಕಡ್ಡೀಲಿ ಬರೀತಾರೆ: ಇಂದು ಶಾಲೆ ಇಲ್ಲ. ಮೂರೇ ಶಬ್ದ. ನಾನು ಎರಡು ಪುಟದ ಪಿಡಿಎಫ್ ಕಳಿಸ್ತಿದ್ದ ಜಾಗದಲ್ಲಿ ಅವರು ಮೂರು ಶಬ್ದದಲ್ಲಿ ಕೆಲಸ ಮುಗಿಸಿದ್ರು.

ಸುತ್ತೋಲೆ ಬರೆಯೋದು ಒಂದು ಆಫೀಸು ಇನ್ನೊಂದು ಆಫೀಸಿಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖ (1)ರಂತೆ, ಅಗತ್ಯ ಕ್ರಮ ವಹಿಸಲು ಸೂಚಿಸಿದೆ. ಆ ಭಾಷೆ ತಪ್ಪು ಅಂತ ನಾನು ಹೇಳಲ್ಲ, ನನಗೆ ಅದು ಬೇಕು, ನಾಳೆ ಆಡಿಟ್ ಬಂದ್ರೆ ಉಲ್ಲೇಖವೇ ಕಾಯೋದು. ಆದ್ರೆ ಅಡಿಕೆ ಸುಲಿತಾ ಕೂತ ತಾಯಿಗೆ ಬೇಕಾಗಿದ್ದು ನಾಳೆ ಮಗೂನ ಕಳಿಸ್ಬೇಕಾ, ಏನು ಕೊಟ್ಟು ಕಳಿಸ್ಬೇಕು, ನಾನು ಬರ್ಬೇಕಾ ಅಂತ ಅಷ್ಟೇ. ಈಗ ನಾನು ಮೊದ್ಲು ಆ ಮೂರಕ್ಕೆ ಉತ್ತರ ಬರ್ಕೋತೀನಿ, ತಾರೀಖಿನ ಜೊತೆ ವಾರ ಸೇರಿಸಿ, ಆಮೇಲೇ ಗ್ರೂಪಿಗೆ. ಪಿಡಿಎಫ್ ಬೇಕು ಅಂದವರಿಗೆ ಬೇರೆ ಕಳಿಸ್ತೀನಿ, ಈವರೆಗೆ ಕೇಳಿದವರು ಇಬ್ಬರು.

ಒಂದು ಉದಾಹರಣೆ ಹೇಳ್ತೀನಿ. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನೋ ಆದೇಶ 2022ರಲ್ಲೇ ಆಗಿತ್ತು, ಜಾರಿ 2025-26ರಿಂದ. ಆಮೇಲೆ 2025ರ ಏಪ್ರಿಲಲ್ಲಿ ಆ ಒಂದು ವರ್ಷಕ್ಕೆ ಮಾತ್ರ 5 ವರ್ಷ 5 ತಿಂಗಳು ಆಗಿದ್ರೆ ಸಾಕು ಅಂತ ಸಡಿಲಿಕೆ ಕೊಟ್ರು. ಇದನ್ನ ಹಾಗೇ ಹಾಕಿದ್ರೆ ಎಲ್ಲರೂ ಬೆರಳು ಎಣಿಸ್ತಾ ಕೂರ್ತಾರೆ, ಒಬ್ಬೊಬ್ಬರ ಲೆಕ್ಕ ಒಂದೊಂದು. ನಾನು ಬರ್ದಿದ್ದು ಇಷ್ಟೇ: 2020ರ ಜನವರಿ 1 ಅಥವಾ ಅದಕ್ಕಿಂತ ಮುಂಚೆ ಹುಟ್ಟಿದ ಮಗು ಇದ್ರೆ ಜನನ ಪ್ರಮಾಣ ಪತ್ರ ಹಿಡ್ಕೊಂಡು ಬನ್ನಿ. ವಯಸ್ಸಿನ ಲೆಕ್ಕ ನಾನೇ ಮಾಡಿ ಕೊಟ್ರೆ ಅವರು ಹುಟ್ಟಿದ ತಾರೀಖು ನೋಡ್ಕೊಂಡ್ರೆ ಆಯ್ತು. ಆ ವರ್ಷ ಪಕ್ಕದ ಊರಿನವರೂ ನನ್ನ ಮೆಸೇಜೇ ಫಾರ್ವರ್ಡ್ ಮಾಡ್ಕೊಂಡಿದ್ರಂತೆ.

ಸ್ಕಾಲರ್‌ಶಿಪ್ಪಿಂದು ಇನ್ನೊಂದು ಕತೆ. ಎಸ್‌ಎಸ್‌ಪಿಲಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ಹಾಕಿ ಅಂದ್ರೆ ಹಾಕ್ತಾರೆ, ದುಡ್ಡು ಬರಲ್ಲ, ಯಾಕೆ ಅಂದ್ರೆ ಆಧಾರ್ ಲಿಂಕ್ ಇಲ್ಲ. "ಇಲ್ಲ ಅಕ್ಕೋರೆ ಲಿಂಕ್ ಆಗಿದೆ, ಬ್ಯಾಂಕಲ್ಲಿ ಜೆರಾಕ್ಸ್ ಕೊಟ್ಟಿದೀವಿ" ಅಂತಾರೆ. ಖಾತೆಗೆ ಆಧಾರ್ ಸೇರಿಸೋದು ಬೇರೆ, ಸರ್ಕಾರದ ದುಡ್ಡು ನೇರ (ಅದಕ್ಕೇ ಡಿಬಿಟಿ ಅನ್ನೋದು) ಇದೇ ಖಾತೆಗೆ ಬೀಳ್ಲಿ ಅಂತ ಪಾವತಿ ಸಂಸ್ಥೆ ಎನ್‌ಪಿಸಿಐಲಿ ಮ್ಯಾಪಿಂಗ್ ಮಾಡ್ಸೋದು ಬೇರೆ, ಇದನ್ನ ಎಷ್ಟು ಸಲ ಬಿಡಿಸಿ ಹೇಳಿದ್ರೂ ಬ್ಯಾಂಕಿನ ಕೌಂಟರ್ ಮುಂದೆ ನಿಂತಾಗ ಮರೆತು ಹೋಗ್ತದೆ. ಈಗ ನಾನು ವಿವರಣೆ ಕೊಡೋದೇ ಬಿಟ್ಟಿದೀನಿ, ಬ್ಯಾಂಕಲ್ಲಿ ಏನು ಹೇಳ್ಬೇಕೋ ಆ ಮಾತನ್ನೇ ಬರ್ದು ಕಳಿಸ್ತೀನಿ: "ಡಿಬಿಟಿಗೆ ಆಧಾರ್ ಸೀಡಿಂಗ್ ಮಾಡ್ಬೇಕು, ಫಾರ್ಮ್ ಕೊಡಿ". ಒಬ್ಬ ಅಜ್ಜ ಅದನ್ನ ಬೀಡಿ ಕಟ್ಟಿನ ಹಿಂದೆ ಬರ್ಸ್ಕೊಂಡು ಹೋಗಿ ಕೌಂಟರಿನವರಿಗೆ ಕಟ್ಟನ್ನೇ ತೋರಿಸಿದ್ದ, ಕೆಲಸ ಆಯ್ತು.

ಓದೋಕೆ ಕಷ್ಟ ಇರೋರಿಗೆ ವಾಯ್ಸ್ ಮೆಸೇಜು. ಅರ್ಧ ನಿಮಿಷಕ್ಕಿಂತ ಜಾಸ್ತಿ ಇರಬಾರ್ದು, ಮೊದಲ ಮಾತಲ್ಲೇ ವಿಷಯ ಬರ್ಬೇಕು. ನಾನು ಶುರುವಲ್ಲಿ "ಎಲ್ಲಾ ಪಾಲಕ ಬಾಂಧವರಿಗೆ ನಮಸ್ಕಾರಗಳು" ಅಂತ ಭಾಷಣ ಹೊಡೀತಿದ್ದೆ, ಮಕ್ಕಳು ಅದನ್ನ ಮಿಮಿಕ್ರಿ ಮಾಡೋದು ಕೇಳಿದ ಮೇಲೆ ನಿಲ್ಸಿದೆ. ನಮ್ಮಲ್ಲಿ ಎಮ್ಮೆ ಸಾಕೋ ಗೌಳಿಗರ ಐದಾರು ಮನೆ ಇದಾವೆ, ಮನೆ ಮಾತು ಮರಾಠಿ ಥರದ್ದು, ದೊಡ್ಡವರಿಗೆ ನನ್ನ ಕನ್ನಡ ಅರ್ಧ ಮುಟ್ತದೆ ಅರ್ಧ ಇಲ್ಲ. ಏಳನೇ ಕ್ಲಾಸಿನ ಅವರದೇ ಹುಡುಗಿ ಹತ್ರ ಅದೇ ವಿಷಯ ಅವರ ಮಾತಲ್ಲಿ ಹೇಳ್ಸಿ ರೆಕಾರ್ಡ್ ಮಾಡ್ತೀನಿ. ಮೊದಲ ಸಲ ಅವಳು ನಾಚಿ ನಾಲ್ಕು ಸಲ ಡಿಲೀಟ್ ಮಾಡ್ಸಿದ್ಲು. ಆಮೇಲೆ ಅವಳ ಧ್ವನಿ ಬಂದ್ರೆ ಆ ಕೇರಿ ಅಜ್ಜಿಯರೆಲ್ಲ ಫೋನ್ ಸುತ್ತ ಕೂರ್ತಾರಂತೆ, ಮುಂದಿನ ಪಾಲಕರ ಸಭೆಗೆ ಅಲ್ಲಿಂದ ನಾಲ್ಕು ಜನ ಬಂದ್ರು, ಅಲ್ಲಿ ತನಕ ಒಬ್ಬರೂ ಬಂದಿರ್ಲಿಲ್ಲ.

ಎಷ್ಟು ಚೆನ್ನಾಗಿ ಮುಟ್ಟಿಸಿದ್ರೂ ಸುದ್ದಿಯೇ ತಿರುಗಿ ಬಿದ್ರೆ ಏನು ಮಾಡೋದು ಅಂತ ಕಲ್ಸಿದ್ದು 2024ರ ಮಾರ್ಚು. ಐದು, ಎಂಟು, ಒಂಬತ್ತಕ್ಕೆ ಬೋರ್ಡ್ ಮಟ್ಟದ ಪರೀಕ್ಷೆ ಇತ್ತಲ್ಲ. ಮಾರ್ಚ್ 6ಕ್ಕೆ ಹೈಕೋರ್ಟ್ ಏಕಸದಸ್ಯ ಪೀಠ ಪರೀಕ್ಷೆ ರದ್ದು ಅಂತು, ಮರುದಿನ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಡ್ತು, 11ಕ್ಕೆ ಪರೀಕ್ಷೆ ಶುರು, 12ಕ್ಕೆ ಸುಪ್ರೀಂ ಕೋರ್ಟ್ ಆ ತಡೆಯನ್ನೇ ಬದಿಗಿಟ್ಟಿತು, ಪರೀಕ್ಷೆ ಅರ್ಧಕ್ಕೆ ನಿಂತಿತು. ನಮ್ಮ ಐದನೇ ಕ್ಲಾಸಿನ ಏಳು ಮಕ್ಕಳು ಎರಡು ಭಾಷೆ ಪೇಪರ್ ಬರೆದು ಪರಿಸರ, ಗಣಿತ ಬಾಕಿ ಇಟ್ಕೊಂಡು ಕೂತ್ರು. 22ಕ್ಕೆ ಮತ್ತೆ ಹೈಕೋರ್ಟ್ ನಡೆಸಿ ಅಂತು, 25ರಿಂದ ಮುಂದುವರೀತು, ಏಪ್ರಿಲ್ 8ಕ್ಕೆ ಫಲಿತಾಂಶಕ್ಕೇ ಸುಪ್ರೀಂ ಕೋರ್ಟ್ ತಡೆ. ಟಿವಿಲಿ ಬರೋದು ನನ್ನ ಸುತ್ತೋಲೆಗಿಂತ ಮುಂಚೆ, ಪಾಲಕರು ಟಿವಿ ನೋಡ್ಕೊಂಡು ಕೇಳೋರು, ನನ್ನ ಹತ್ರ ಉತ್ತರ ಇಲ್ಲ. ಆಗ ಶುರು ಮಾಡಿದ್ದು ಒಂದು ಅಭ್ಯಾಸ, ಏನೂ ತಿಳಿದಿಲ್ಲ ಅಂದ್ರೂ ದಿನಾ ಸಂಜೆ ಏಳಕ್ಕೆ ಒಂದು ಸಾಲು: "ಇವತ್ತಿನ ತನಕ ಆದೇಶ ಬಂದಿಲ್ಲ, ನಾಳೆ ಮಾಮೂಲಿ ಶಾಲೆ, ಮತ್ತೆ ನಾಳೆ ಏಳಕ್ಕೆ ಹೇಳ್ತೀನಿ". ಅಷ್ಟರಿಂದ ಫೋನು ಮುಕ್ಕಾಲು ಪಾಲು ನಿಂತವು. ಐದನೇ ಕ್ಲಾಸಿನ ಒಬ್ಬ ಹುಡುಗ ಮಾತ್ರ "ಅಕ್ಕೋರೆ, ಕೋರ್ಟಿನವ್ರಿಗೆ ಗಣಿತ ಒಂದು ಬ್ಯಾಡ ಅಂತ ಹೇಳೂಲೆ ಆಗ್ತಿಲ್ಯ" ಅಂದಿದ್ದ.

ಆ ಏಳರ ಸಾಲು 2025ರ ಅಕ್ಟೋಬರಲ್ಲೂ ಕೈ ಹಿಡೀತು. ದಸರಾ ರಜೆ ಮುಗಿದು 8ಕ್ಕೆ ಶಾಲೆ ತೆರೀಬೇಕು, 7ಕ್ಕೆ ಮುಖ್ಯಮಂತ್ರಿಗಳು ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ (ಜನ ಜಾತಿ ಗಣತಿ ಅಂತಿದ್ರಲ್ಲ) ಕೆಲಸಕ್ಕೆ ಅಂತ ಸರ್ಕಾರಿ, ಅನುದಾನಿತ ಶಾಲೆಗೆ 18ರ ತನಕ ರಜೆ ಅಂತ ಘೋಷಿಸಿದ್ರು. ನಾನೇ ಸಮೀಕ್ಷೆ ಡ್ಯೂಟೀಲಿ ಯಾವುದೋ ಮನೆ ಅಂಗಳದಲ್ಲಿ ನೆಟ್‌ವರ್ಕ್ ಹುಡುಕ್ತಾ ನಿಂತಿದ್ದೆ. ನೋಟ್‌ಬುಕ್ಕಿನ ಹೆಸರುಗಳು ಬಾಯಿಪಾಠ ಆಗಿದ್ವು, ಆರು ಜನಕ್ಕೆ ಫೋನ್ ಮಾಡ್ದೆ, ಉಳಿದದ್ದು ಅವರೇ ಮುಟ್ಟಿಸಿದ್ರು. ಬೆಳಿಗ್ಗೆ ಜಗಲಿ ಮೇಲೆ ಯಾರೂ ಇರ್ಲಿಲ್ಲ ಅಂತ ಅಡುಗೆ ಅಕ್ಕ ಕೇಳದೇ ಇದ್ರೂ ಫೋನ್ ಮಾಡಿ ಹೇಳಿದ್ಲು.

ನಕಲಿ ರಜೆ ಆದೇಶದ ಬಗ್ಗೆ ಒಂದು ಮಾತು. ಪ್ರತಿ ಮಳೆಗಾಲ ಒಂದಾದ್ರೂ ಬರ್ತದೆ, ಹಳೇ ವರ್ಷದ ಆದೇಶಕ್ಕೆ ತಾರೀಖು ತಿದ್ದಿ. ಒಂದ್ಸಲ ನಮ್ಮ ಗ್ರೂಪಲ್ಲೇ ಒಬ್ಬ ಪಾಲಕರು ಹಾಕಿದ್ರು, ಸೀಲು, ಸಹಿ ಎಲ್ಲಾ ಇತ್ತು. ಝೂಮ್ ಮಾಡಿ ನೋಡಿದ್ರೆ ತಾರೀಖಿನ ಅಕ್ಷರ ಮಾತ್ರ ಸ್ವಲ್ಪ ದಪ್ಪ, ಮತ್ತೆ ತಾರೀಖು ತಿದ್ದಿದ ಪುಣ್ಯಾತ್ಮ ವಾರ ತಿದ್ದೋಕೆ ಮರೆತಿದ್ದ. ಅವತ್ತಿಂದ ನಾನು ಮೊದ್ಲು ನೋಡೋದೇ ತಾರೀಖಿಗೂ ವಾರಕ್ಕೂ ತಾಳೆ ಆಗ್ತದಾ ಅಂತ, ಆಮೇಲೆ ಸಿಆರ್‌ಪಿಗೆ ಒಂದು ಫೋನು. ಗ್ರೂಪಲ್ಲಿ ನಾನು ಹಾಕದ ರಜೆ ರಜೆ ಅಲ್ಲ ಅಂತ ಎಲ್ಲರಿಗೂ ಹೇಳಿಟ್ಟಿದೀನಿ. ಮಕ್ಕಳಿಗೆ ಈ ನಿಯಮ ಇಷ್ಟ ಇಲ್ಲ. ಗ್ರೂಪಿಗೆ ಮಕ್ಕಳ ಆಧಾರ್ ನಂಬರು, ಮಾರ್ಕ್ಸು, ಯಾರಿಗೆ ಸ್ಕಾಲರ್‌ಶಿಪ್ ಬಂತು ಯಾರಿಗೆ ಇಲ್ಲ ಅನ್ನೋ ಪಟ್ಟಿ ಇವ್ಯಾವನ್ನೂ ಹಾಕಲ್ಲ, ಶುರುವಲ್ಲಿ ಒಂದ್ಸಲ ಹಾಕಿ ಒಬ್ಬ ತಾಯಿ ಕಣ್ಣೀರು ಹಾಕ್ಕೊಂಡು ಬಂದಿದ್ಲು, ಅದನ್ನ ಹೆಚ್ಚು ಬರೆಯೋಕೆ ಮನಸಿಲ್ಲ.

ಹೋದ ಜುಲೈಲಿ ಶೂ ಸಾಕ್ಸ್ ಖರೀದಿ. ಒಂದರಿಂದ ಐದಕ್ಕೆ ಜೋಡಿಗೆ 265 ರೂಪಾಯಿ, ಆರು-ಏಳಕ್ಕೆ 295, ಎಸ್‌ಡಿಎಂಸಿಯವರೇ ಕೊಳ್ಳೋದು. ಮಕ್ಕಳ ಶೂ ಸೈಜ್ ಬರೆದು ಕಳಿಸಿ ಅಂತ ಹಾಕ್ದೆ, ಮೂರು ದಿನಕ್ಕೆ ನಾಲ್ಕು ಉತ್ತರ, ಅದರಲ್ಲಿ ಒಂದು "ನಮ್ಮ ಮಾಣಿಗೆ ದೊಡ್ಡದೇ ಇರ್ಲಿ". ಸೈಜ್ ಯಾರಿಗೆ ಗೊತ್ತಿರ್ತದೆ, ಮಳೆಗಾಲದಲ್ಲಿ ಎಲ್ಲರದ್ದೂ ಹವಾಯಿ ಚಪ್ಪಲಿ. ಹಳೇ ಮೆಸೇಜ್ ಅಳಿಸಿ ಹೊಸದು ಹಾಕ್ದೆ: ನಾಳೆ ಬುಧವಾರ ಎಲ್ಲಾ ಮಕ್ಕಳು ಕಾಲು ಚೆನ್ನಾಗಿ ತೊಳ್ಕೊಂಡು ಬನ್ನಿ. ಡೈರಿ ಬೋರ್ಡಲ್ಲೂ ಅದೇ ಬರೆಸಿದೆ, ಹಾಲು ಹಾಕೋಕೆ ಬಂದವರೆಲ್ಲ ಶಾಲೇಲಿ ಏನು ಪೂಜೆ ಅಂತ ಕೇಳಿದ್ರಂತೆ. ಹಳೇ ಪೇಪರ್ ಹಾಸಿ, ಒಬ್ಬೊಬ್ಬರನ್ನೇ ನಿಲ್ಲಿಸಿ ಪೆನ್ಸಿಲಲ್ಲಿ ಪಾದ ಗೀರಿ, ಮೇಲೆ ಹೆಸರು ಬರೆದು, 43 ಪೇಪರ್ ಪಾದ ಕತ್ತರಿಸಿ ಚೀಲಕ್ಕೆ ತುಂಬಿ ಅಧ್ಯಕ್ಷರ ಕೈಲಿ ಪೇಟೆಗೆ ಕಳಿಸಿದೆ. ಎರಡು ಜೋಡಿ ಬಿಟ್ಟು ಎಲ್ಲಾ ಸರಿಯಾಗಿ ಬಂದ್ವು.