ದೋರು ಕಣಿವೆ: ಮೂರು ರಾತ್ರಿ ಉಳಿದು ನೋಡುವ ಬಗೆ

ಉತ್ತರ ಪೋರ್ಚುಗಲ್‌ನ ದೋರು ನದಿಯ ಕಣಿವೆಗೆ ಹೆಚ್ಚಿನವರು ಪೋರ್ಟೊದಿಂದ ಒಂದೇ ದಿನದ ಬಸ್ ಪ್ರವಾಸದಲ್ಲಿ ಹೋಗಿಬರುತ್ತಾರೆ. ಎರಡು ದ್ರಾಕ್ಷಿ ತೋಟ, ನಡುವೆ ಊಟ, ಒಂದು ತಾಸು ದೋಣಿ, ಅಷ್ಟಕ್ಕೇ ಸಂಜೆಯಾಗುತ್ತದೆ. ಇದರಲ್ಲಿ ದೊಡ್ಡ ನಷ್ಟವೆಂದರೆ ಕಣಿವೆಗೆ ತಲುಪುವ ಹೊತ್ತೇ ತಪ್ಪು. ನಡು ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿರುವಾಗ ಬೆಟ್ಟದಲ್ಲಿ ದ್ರಾಕ್ಷಿಗೆಂದು ಕಡಿದ ಮೆಟ್ಟಿಲುಗಳೆಲ್ಲ ಒಂದೇ ಬಣ್ಣಕ್ಕೆ ತಿರುಗುತ್ತವೆ, ನಡೆಯಲೂ ಆಗುವುದಿಲ್ಲ. ಇಲ್ಲಿ ಬೆಳಿಗ್ಗೆ ಎತ್ತರದಲ್ಲಿರಬೇಕು, ಮಧ್ಯಾಹ್ನ ನೆರಳಿನಲ್ಲಿರಬೇಕು, ಸಂಜೆಗೆ ನದಿಗಿಳಿಯಬೇಕು. ಅದಕ್ಕೆ ಕಣಿವೆಯಲ್ಲೇ ಮಲಗೆದ್ದು ನೋಡುವುದೊಂದೇ ದಾರಿ. ಪಿನ್ಯಾವ್ ಊರಿನಲ್ಲಿ ಎರಡು ರಾತ್ರಿ, ವಿಲಾ ನೊವಾ ದೆ ಫೋಜ್ ಕೋವಾದಲ್ಲಿ ಒಂದು ರಾತ್ರಿ ಇಟ್ಟುಕೊಂಡರೆ ಸಾಕಾಗುತ್ತದೆ.

ಯಾವಾಗ ಹೋಗಬೇಕು

ಏಪ್ರಿಲ್, ಮೇ ಮತ್ತು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗಿನ ದಿನಗಳು ಒಳ್ಳೆಯವು. ದ್ರಾಕ್ಷಿ ಕೊಯ್ಲು ಸೆಪ್ಟೆಂಬರ್‌ನಲ್ಲಿ. ಆಗ ಕೆಲಸ ಕಣ್ಣಾರೆ ಕಾಣಸಿಗುತ್ತದೆ, ಆದರೆ ಕೋಣೆಯ ಬಾಡಿಗೆ ಏರಿರುತ್ತದೆ. ಅಕ್ಟೋಬರ್ ಕೊನೆಗೆ ಎಲೆಗಳು ಕೆಂಪು, ಹಳದಿಗೆ ತಿರುಗುತ್ತವೆ. ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಫೋಜ್ ಕೋವಾ ಸುತ್ತ ಬಾದಾಮಿ ಮರಗಳು ಹೂ ಬಿಡುತ್ತವೆ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವುದು ಇಲ್ಲಿ ಸಾಮಾನ್ಯ. ಇಳಿಜಾರಿನ ಕಪ್ಪು ಪದರುಗಲ್ಲು ಹಗಲೆಲ್ಲ ಕಾದು ರಾತ್ರಿಯೂ ಶಾಖ ಬಿಡುತ್ತಿರುತ್ತದೆ. ಆ ಎರಡು ತಿಂಗಳು ಬೇಡ ಎಂದೇ ಹೇಳುತ್ತೇವೆ.

ಬೆಂಗಳೂರಿನಿಂದ ಹೊರಡುವವರು ಷೆಂಗೆನ್ ವೀಸಾಗೆ ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು. ಕೊನೆಯ 15 ದಿನಕ್ಕೆ ಬಿಡಬೇಡಿ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಕಾರು ಓಡಿಸುವುದಿದ್ದರೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಮಾಡಿಸಿಕೊಳ್ಳಿ.

ರೈಲಿನಲ್ಲಿ ಒಳಗೆ

ಪೋರ್ಟೊದ ಸಾವ್ ಬೆಂತು ನಿಲ್ದಾಣದ ಹಜಾರದ ಗೋಡೆಗಳ ತುಂಬ ಜೋರ್ಜ್ ಕುಲಾಸು ಚಿತ್ರಿಸಿದ ನೀಲಿ ಹೆಂಚುಗಳಿವೆ, ಸುಮಾರು 20,000. ಅದನ್ನು ನೋಡಲೆಂದೇ ಅರ್ಧ ತಾಸು ಮೊದಲು ಬನ್ನಿ. ದೋರು ಮಾರ್ಗದ ರೈಲು ಪಿನ್ಯಾವ್ ಮುಟ್ಟಲು ಸುಮಾರು ಎರಡೂವರೆ ತಾಸು, ಕೊನೆಯ ನಿಲ್ದಾಣ ಪುಸೀನ್ಯುಗೆ ಮೂರೂಕಾಲು ತಾಸಿಗಿಂತ ಸ್ವಲ್ಪ ಹೆಚ್ಚು. ಕೆಲವು ರೈಲು ಪೋರ್ಟೊದ ಇನ್ನೊಂದು ನಿಲ್ದಾಣವಾದ ಕಂಪನ್ಯಾದಿಂದ ಮಾತ್ರ ಹೊರಡುತ್ತವೆ, ಕೆಲವಕ್ಕೆ ದಾರಿಯ ನಡುವಿನ ರೇಗ್ವಾ ಊರಿನಲ್ಲಿ ಗಾಡಿ ಬದಲಿಸಬೇಕು. ಟಿಕೆಟ್ ಕೊಳ್ಳುವಾಗಲೇ ಎರಡನ್ನೂ ಕೇಳಿಕೊಳ್ಳಿ.

ಹೋಗುವಾಗ ಬಲಬದಿಯ ಕಿಟಕಿ ಹಿಡಿಯಿರಿ. ಮೊದಲ ಒಂದು ತಾಸಿಗೂ ಹೆಚ್ಚು ಹೊತ್ತು ನದಿ ಕಾಣುವುದೇ ಇಲ್ಲ, ನಿದ್ದೆ ಮಾಡುವುದಾದರೆ ಆಗಲೇ ಮಾಡಿ. ಆಮೇಲೆ ಹಳಿ ನದಿಯ ಉತ್ತರ ದಡಕ್ಕೆ ಇಳಿದು ನೀರಿನ ಪಕ್ಕದಲ್ಲೇ ಸಾಗುತ್ತದೆ. ಪಿನ್ಯಾವ್ ದಾಟಿ ಪುಸೀನ್ಯುವರೆಗೆ ಹೋಗುವವರು ಫೆರ್ರದೋಜಾ ಸೇತುವೆಯ ಮೇಲೆ ಎಡಬದಿಗೆ ಬದಲಾಗಬೇಕು, ಏಕೆಂದರೆ ಹಳಿ ಅಲ್ಲಿ ದಕ್ಷಿಣ ದಡಕ್ಕೆ ದಾಟುತ್ತದೆ.

ತೊಂದರೆ ಬರುವುದು ವಾಪಸು ಬರುವಾಗ. ದೋಣಿಯಲ್ಲಿ ರೇಗ್ವಾವರೆಗೆ ಬಂದ ದೊಡ್ಡ ಗುಂಪುಗಳು ಮಧ್ಯಾಹ್ನದ ಮೇಲಿನ ರೈಲಿನಲ್ಲೇ ಪೋರ್ಟೊಗೆ ಮರಳುತ್ತವೆ. ಸಾಮಾನ್ಯ ರೈಲಿಗೆ ಸೀಟು ಕಾಯ್ದಿರಿಸುವ ಪದ್ಧತಿ ಇಲ್ಲವಾದ್ದರಿಂದ ರೇಗ್ವಾದಲ್ಲಿ ಹತ್ತುವವರು ನಿಂತೇ ಬರಬೇಕಾಗಬಹುದು. ಪಿನ್ಯಾವ್‌ನಲ್ಲೇ ಹತ್ತಿದರೆ ಸೀಟು ಸಿಗುವ ಸಾಧ್ಯತೆ ಹೆಚ್ಚು. ಮುಷ್ಕರ ಅಥವಾ ಹಳಿ ದುರಸ್ತಿ ಇದ್ದ ದಿನ ವೇಳಾಪಟ್ಟಿಯೇ ಬೇರೆ, ಹಿಂದಿನ ರಾತ್ರಿ ಒಮ್ಮೆ ನೋಡಿ ಮಲಗಿ.

ಪಿನ್ಯಾವ್: ಮೊದಲು ನಿಲ್ದಾಣ, ಆಮೇಲೆ ಬೆಟ್ಟ

ರೈಲಿನಿಂದ ಇಳಿದವರೆಲ್ಲ ನದಿ ಕಡೆ ಓಡುತ್ತಾರೆ. ನಿಲ್ಲಿ. ನಿಲ್ದಾಣದ ಗೋಡೆಯ ಮೇಲೆ 1937ರಲ್ಲಿ ಕೂರಿಸಿದ 24 ಹೆಂಚಿನ ಫಲಕಗಳಿವೆ. ಬೆನ್ನಿಗೆ ಬುಟ್ಟಿ ಹೊತ್ತು ಸಾಲಾಗಿ ಇಳಿಯುವ ಆಳುಗಳು, ದ್ರಾಕ್ಷಿ ಕೊಯ್ಯುವ ಹೆಂಗಸರು, ಪೀಪಾಯಿ ಹೇರಿಕೊಂಡ ರಬೇಲು ಎಂಬ ಸರಕುದೋಣಿ ಎಲ್ಲವೂ ಇವೆ. ಅಣೆಕಟ್ಟುಗಳು ಬರುವ ಮುಂಚಿನ ನದಿ ಹೇಗಿತ್ತು ಎಂಬುದಕ್ಕೆ ಈ ಚಿತ್ರಗಳೇ ಸಾಕ್ಷಿ. ಅಂದು ಬಂಡೆಗಳ ನಡುವೆ ನುಗ್ಗುತ್ತಿದ್ದ ನೀರು ಇಂದು ಕೆರೆಯ ಹಾಗೆ ನಿಂತಿದೆ.

ಕಣಿವೆಯ ನಿಜವಾದ ಸ್ಮಾರಕ ಇರುವುದು ಇಳಿಜಾರಿನಲ್ಲಿ. ಪದರುಗಲ್ಲನ್ನು ಒಡೆದು, ಗಾರೆಯಿಲ್ಲದೆ ಜೋಡಿಸಿ ಗೋಡೆ ಕಟ್ಟಿ, ಒಡೆದ ಚೂರನ್ನೇ ಮಣ್ಣಾಗಿ ತುಂಬಿ ಬಳ್ಳಿ ನೆಟ್ಟಿದ್ದಾರೆ. 1756ರಲ್ಲಿ ಪೋರ್ಚುಗಲ್ ರಾಜನ ಮಂತ್ರಿ ಮಾರ್ಕ್ವೆಸ್ ದೆ ಪೊಂಬಾಲ್ ಈ ವೈನ್ ಪ್ರದೇಶದ ಗಡಿ ಗುರುತಿಸುವ ಆಜ್ಞೆ ತಂದ. ಆಮೇಲಿನ ವರ್ಷಗಳಲ್ಲಿ ಒಟ್ಟು 335 ಗ್ರಾನೈಟ್ ಗಡಿಗಲ್ಲುಗಳನ್ನು ನೆಟ್ಟರು. ತೋಟದ ಮೂಲೆಯಲ್ಲಿ 1758 ಅಥವಾ 1761 ಎಂದು ಕೆತ್ತಿದ ಕಂಬ ಕಂಡರೆ ಅದು ಅವುಗಳಲ್ಲೊಂದು. 2001ರಲ್ಲಿ ಯುನೆಸ್ಕೊ ಇಡೀ ಭೂದೃಶ್ಯವನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಳಿಜಾರನ್ನು ಓದಲು ಮೂರು ಗುರುತು ತಿಳಿದಿರಲಿ. ಒತ್ತೊತ್ತಾಗಿ ಕಲ್ಲಿನ ಗೋಡೆಯಿದ್ದು, ಒಂದೊಂದು ಮೆಟ್ಟಿಲಲ್ಲೂ ಕೆಲವೇ ಸಾಲು ಬಳ್ಳಿಯಿದ್ದರೆ ಅದು ಹಳೆಯ ಕೆಲಸ. ಗೋಡೆಯಿಲ್ಲದೆ ಮಣ್ಣಿನ ದಿಬ್ಬವನ್ನೇ ಇಳಿಜಾರಾಗಿ ಬಿಟ್ಟ ಅಗಲ ಮೆಟ್ಟಿಲು 1970ರ ದಶಕದಿಂದೀಚೆಗಿನದು, ಟ್ರ್ಯಾಕ್ಟರ್ ಓಡಾಡಲೆಂದು ಮಾಡಿದ್ದು. ಮೆಟ್ಟಿಲೇ ಇಲ್ಲದೆ ಸಾಲುಗಳು ನೇರ ಕೆಳಕ್ಕೆ ಇಳಿದಿದ್ದರೆ ಅದೂ ಹೊಸ ಪದ್ಧತಿಯೇ. ಇನ್ನು ಗೋಡೆಗಳಿದ್ದೂ ಬಳ್ಳಿಯಿಲ್ಲದೆ ಪೊದೆ, ಆಲಿವ್ ಬೆಳೆದ ತಾಣಗಳಿಗೆ ಸ್ಥಳೀಯರು ಮೊರ್ತೋರಿಯು ಎನ್ನುತ್ತಾರೆ. 1860ರ ದಶಕದಲ್ಲಿ ಬಂದ ಫೈಲಾಕ್ಸೆರಾ ಎಂಬ ಬೇರುಹೇನು ಬಳ್ಳಿಗಳನ್ನು ಕೊಂದಮೇಲೆ ಯಾರೂ ಮತ್ತೆ ನೆಡದೆ ಬಿಟ್ಟ ನೆಲ ಅದು. ವಿಜಯಪುರದ ಚಪ್ಪರದ ದ್ರಾಕ್ಷಿ ನೋಡಿ ಬೆಳೆದ ಕಣ್ಣಿಗೆ ಇಲ್ಲಿನ ಬಳ್ಳಿ ಕುಳ್ಳಾಗಿ, ಬಡಕಲಾಗಿ ಕಾಣಬಹುದು. ಬೇರು ಮಾತ್ರ ಕಲ್ಲಿನ ಸೀಳುಗಳಲ್ಲಿ ಹಲವು ಮೀಟರ್ ಆಳಕ್ಕೆ ನೀರು ಹುಡುಕಿಕೊಂಡು ಹೋಗಿರುತ್ತದೆ.

ಗೋಡೆಯ ಮೇಲೆ ಕಾಲಿಡಬೇಡಿ. ಗಾರೆ ಇಲ್ಲದ್ದರಿಂದ ಮೇಲಿನ ಒಂದು ಕಲ್ಲು ಜಾರಿದರೆ ಮಳೆನೀರು ಅದೇ ಜಾಗದಿಂದ ಒಳನುಗ್ಗಿ ಇಡೀ ಭಾಗ ಉಬ್ಬಿ ಕುಸಿಯುತ್ತದೆ. ಗೋಡೆಯಿಂದ ಹೊರಚಾಚಿದ ಚಪ್ಪಡಿಗಲ್ಲುಗಳು ಆಳುಗಳು ಹತ್ತಲು ಇಟ್ಟ ಮೆಟ್ಟಿಲು. ಚಿತ್ರ ತೆಗೆಯಿರಿ, ಹತ್ತಬೇಡಿ.

ನಡಿಗೆ

ಪಿನ್ಯಾವ್‌ನಿಂದ ಕಸಾಲ್ ದೆ ಲೊಯ್ವುಶ್ ನೋಟತಾಣಕ್ಕೆ 300 ಮೀಟರ್‌ಗೂ ಹೆಚ್ಚು ಏರು. ನದಿ ಎಸ್ ಆಕಾರದಲ್ಲಿ ತಿರುಗುವುದು ಇಲ್ಲಿಂದಲೇ ಚೆನ್ನಾಗಿ ಕಾಣುವುದು. ಕಾಲಿಗೆ ಅಭ್ಯಾಸವಿಲ್ಲದವರು ಟ್ಯಾಕ್ಸಿಯಲ್ಲಿ ಹತ್ತಿ ನಡೆದು ಇಳಿಯಲಿ. ಇನ್ನೂ ಒಳ್ಳೆಯದು ಪ್ರೊವೆಜೆಂದ್ ಹಳ್ಳಿಯಿಂದ ಇಳಿಯುವುದು. ಅದು ಹಳೆಯ ಶ್ರೀಮಂತರ ಮನೆಗಳೂ ಊರ ನಡುವೆ ಪೆಲೊರಿನ್ಯು ಎಂಬ ಕಲ್ಲುಕಂಬವೂ ಇರುವ ಊರು. ಅಲ್ಲಿಂದ ಸಾವ್ ಕ್ರಿಸ್ತೊವಾವ್ ದು ದೋರು ಮೂಲಕ ಪಿನ್ಯಾವ್‌ಗೆ ಇಳಿಯಲು, ನಿಂತು ನೋಡುವ ಹೊತ್ತೂ ಸೇರಿಸಿ, ಮೂರು ತಾಸು ಇಟ್ಟುಕೊಳ್ಳಿ.

ಕಂಬ, ಕಲ್ಲುಗಳ ಮೇಲೆ ಬಳಿದ ಬಣ್ಣದ ಪಟ್ಟಿಗಳೇ ದಾರಿ. ಹಳದಿ, ಕೆಂಪು ಇದ್ದರೆ ಸಣ್ಣ ಹಾದಿ. ಬಿಳಿ, ಕೆಂಪು ಇದ್ದರೆ ದೂರದ ಹಾದಿ. ಅಡ್ಡಡ್ಡ ಎರಡು ಪಟ್ಟಿ ಎಂದರೆ ಸರಿಯಾಗಿ ಹೋಗುತ್ತಿದ್ದೀರಿ, ಗುಣಾಕಾರದ ಚಿಹ್ನೆ ಎಂದರೆ ಈ ಕಡೆ ಅಲ್ಲ. ಕವಲು ದಾಟಿದ ಮೇಲೆ ಗುರುತು ಕಾಣದಿದ್ದರೆ ಮುಂದುವರಿಯಬೇಡಿ, ಕೊನೆಯ ಗುರುತಿಗೆ ವಾಪಸಾಗಿ. ಫೋನಿನ ನಕ್ಷೆ ತೋಟಗಳ ಖಾಸಗಿ ಮಣ್ಣುದಾರಿಯನ್ನೂ ರಸ್ತೆಯೆಂದು ತೋರಿಸುತ್ತದೆ, ಕೊನೆಗೆ ಬೀಗ ಹಾಕಿದ ಗೇಟು ಎದುರಾಗುತ್ತದೆ.

ಬೆಳಿಗ್ಗೆ 7ಕ್ಕೆ ಹೊರಟು 11ರೊಳಗೆ ಮುಗಿಸಿ. ಒಬ್ಬೊಬ್ಬರಿಗೂ ಎರಡು ಲೀಟರ್ ನೀರು, ಅಂಚಿನ ಟೋಪಿ, ಹಿಡಿತವಿರುವ ಬೂಟು ಬೇಕೇಬೇಕು. ಪದರುಗಲ್ಲಿನ ಪುಡಿ ಇಳಿಜಾರಿನಲ್ಲಿ ಕಾಳಿನಂತೆ ಉರುಳುತ್ತದೆ, ಹತ್ತುವಾಗ ಬೀಳದವರು ಇಳಿಯುವಾಗ ಬೀಳುತ್ತಾರೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಎಚ್ಚರಿಕೆ ಇದ್ದ ದಿನ ಹಾದಿಗಳನ್ನು ಮುಚ್ಚುವುದುಂಟು. ತುರ್ತು ಸಂಖ್ಯೆ 112.

ನದಿಯ ಮೇಲೆ

ಪಿನ್ಯಾವ್ ಕಟ್ಟೆಯಿಂದ ರಬೇಲು ಮಾದರಿಯ ದೋಣಿಗಳು ಒಂದು ತಾಸಿನ ಮತ್ತು ನದಿಯ ಮೇಲ್ಬದಿಯ ತೂವಾ ಊರಿನ ಕಡೆಗೆ ಎರಡು ತಾಸಿನ ಸುತ್ತು ಹೊಡೆಯುತ್ತವೆ. ಸಂಜೆಯ ಕೊನೆಯ ಸುತ್ತನ್ನು ಆರಿಸಿ. ಕಯಾಕ್ ಆದರೆ ಬೆಳಿಗ್ಗೆ, ದೊಡ್ಡ ಹಡಗುಗಳು ಓಡಾಟ ಶುರು ಮಾಡುವ ಮುಂಚೆ. ಹಡಗು ಹಾದಾಗ ಏಳುವ ಅಲೆಗೆ ಮಗ್ಗುಲು ಕೊಟ್ಟರೆ ಮಗುಚುತ್ತೀರಿ, ಮೂತಿಯನ್ನು ಅಲೆಯ ಕಡೆಗೇ ತಿರುಗಿಸಿ. ಜೀವರಕ್ಷಕ ಅಂಗಿ ಬಿಚ್ಚಬೇಡಿ, ಅಣೆಕಟ್ಟಿನ ಹತ್ತಿರ ಸುಳಿಯಬೇಡಿ.

ತೂವಾದಿಂದ ಮೇಲೆ ವಲೇಯ್ರಾ ಕಂದರವಿದೆ. ಕಣಿವೆಯ ನಕ್ಷೆ ಬರೆದ ಇಂಗ್ಲಿಷ್ ವ್ಯಾಪಾರಿ ಜೋಸೆಫ್ ಜೇಮ್ಸ್ ಫಾರೆಸ್ಟರ್ 1861ರಲ್ಲಿ ಮುಳುಗಿ ಸತ್ತದ್ದು ಇಲ್ಲೇ. ಕಾರಿದ್ದವರು ಸಾವ್ ಸಾಲ್ವದೋರ್ ದು ಮುಂದು ನೋಟತಾಣದಿಂದ ಇದನ್ನು ನೇರ ಕೆಳಗೆ ನೋಡಬಹುದು.

ತೋಟಕ್ಕೆ ಭೇಟಿ ಕೊಡುವುದು

ಇಲ್ಲಿ ತೋಟದ ಎಸ್ಟೇಟಿಗೆ ಕಿಂತಾ ಎನ್ನುತ್ತಾರೆ. ಊರಿನಿಂದ ನಡೆದು ಹೋಗುವಷ್ಟು ಹತ್ತಿರ ಇರುವುದು ಕಿಂತಾ ದು ಬೊಂಫಿಂ. ಸೇತುವೆಯಾಚೆ ಕಿಂತಾ ದಾಶ್ ಕರ್ವಾಲ್ಯಾಶ್. ಮೊದಲೇ ಬುಕ್ ಮಾಡದೆ ಹೋದರೆ ಜಾಗ ಸಿಗದಿರಬಹುದು. ದಿನಕ್ಕೆ ಒಂದು ತೋಟ ಸಾಕು. ಇಲ್ಲಿನ ದ್ರಾಕ್ಷಿಯಿಂದ ಮಾಡುವ ಪೋರ್ಟ್ ವೈನ್‌ನಲ್ಲಿ ಆಲ್ಕೋಹಾಲ್ ಶೇ. 20ರ ಆಸುಪಾಸು ಇರುತ್ತದೆ, ಹುದುಗು ಮುಗಿಯುವ ಮುಂಚೆಯೇ ಶೇ. 77ರ ದ್ರಾಕ್ಷಿ ಮದ್ಯ ಸುರಿದು ನಿಲ್ಲಿಸುವುದರಿಂದ ಸಿಹಿಯೂ ಉಳಿಯುತ್ತದೆ. ಸಿಹಿ ಇದೆಯೆಂದು ಗಟಗಟ ಕುಡಿದವರಿಗೆ ಬೇಗ ಏರುತ್ತದೆ. ರುಚಿ ನೋಡಿ ಉಗುಳಲು ಪಾತ್ರೆ ಇಟ್ಟಿರುತ್ತಾರೆ, ಸಂಕೋಚ ಬೇಡ. ವಾಹನ ಓಡಿಸುವವರಿಗೆ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮಿತಿ, ಹೊಸ ಚಾಲಕರಿಗೆ 0.2. ಕುಡಿಯದವರು ಬಳ್ಳಿಗಳ ನಡುವಿನ ನಡಿಗೆಯನ್ನೂ, ಕಾಲಿನಿಂದ ದ್ರಾಕ್ಷಿ ತುಳಿಯುವ ಗ್ರಾನೈಟ್ ತೊಟ್ಟಿಯನ್ನೂ ನೋಡಲೇಬೇಕು.

ಲಮೇಗು, ಉಕಾನ್ಯ

ಎರಡನೆಯ ದಿನಕ್ಕೆ ಇದು. ರೇಗ್ವಾದಿಂದ ಲಮೇಗು 13 ಕಿ.ಮೀ. ಅಲ್ಲಿನ ನೊಸ್ಸಾ ಸೆನ್ಯೋರಾ ದುಶ್ ರೆಮೇದಿಯುಶ್ ದೇವಾಲಯಕ್ಕೆ 686 ಮೆಟ್ಟಿಲು. ಇಗರ್ಜಿ ಎದ್ದದ್ದು 18ನೇ ಶತಮಾನದಲ್ಲಿ, ಮೆಟ್ಟಿಲುಗಳ ಕೆಲಸ 20ನೇ ಶತಮಾನದವರೆಗೂ ನಡೆಯಿತು. ಕೆಳಗಿನಿಂದ ಹತ್ತಿ, ಪ್ರತಿ ಹಂತದ ನೀಲಿ ಹೆಂಚಿನ ಚಿತ್ರಗಳ ಮುಂದೆ ಉಸಿರು ತೆಗೆದುಕೊಂಡರೆ ದಣಿವಾಗದು. ಸೆಪ್ಟೆಂಬರ್ 8ರ ಸುಮಾರಿಗೆ ಜಾತ್ರೆ, ಆಗ ಊರಲ್ಲಿ ಕೋಣೆ ಸಿಗುವುದು ಕಷ್ಟ. ಲಮೇಗು ವಸ್ತುಸಂಗ್ರಹಾಲಯದಲ್ಲಿ ಚಿತ್ರಕಾರ ವಾಶ್ಕು ಫೆರ್ನಾಂದೆಶ್ ಬಿಡಿಸಿದ ಐದು ಫಲಕಗಳಿವೆ, ಬಿಸಿಲಿನ ಹೊತ್ತಿಗೆ ಅದೇ ಸರಿಯಾದ ಜಾಗ. ಕಾರಿದ್ದರೆ ಉಕಾನ್ಯ ಹಳ್ಳಿಗೂ ಹೋಗಿ. ಅಲ್ಲಿನ ಸೇತುವೆಯ ತುದಿಯಲ್ಲೇ ಎದ್ದ ಗೋಪುರದಲ್ಲಿ ಹತ್ತಿರದ ಸಾಲ್ಜೆದಾಶ್ ಮಠದವರು ಸುಂಕ ವಸೂಲಿ ಮಾಡುತ್ತಿದ್ದರು.

ಕೋವಾ ಕಣಿವೆಯ ಬಂಡೆಚಿತ್ರಗಳು

ಇಡೀ ಪ್ರವಾಸದಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ಇದನ್ನೇ. ಕೋವಾ ನದಿಗೆ ಅಣೆಕಟ್ಟು ಕಟ್ಟುತ್ತಿದ್ದಾಗ, 1994ರಲ್ಲಿ, ದಡದ ಬಂಡೆಗಳ ಮೇಲಿನ ಹಳೆ ಶಿಲಾಯುಗದ ಕೆತ್ತನೆಗಳ ಸುದ್ದಿ ಹೊರಬಿತ್ತು. ಕೆತ್ತನೆಗಳಿಗೆ ಈಜು ಬಾರದು ಎಂಬ ಘೋಷಣೆ ಹಿಡಿದು ವಿದ್ಯಾರ್ಥಿಗಳು ಬೀದಿಗಿಳಿದರು. ಕಾಮಗಾರಿ ನಿಂತಿತು. 1998ರಲ್ಲಿ ವಿಶ್ವ ಪರಂಪರೆಯ ಮನ್ನಣೆ ಬಂತು.

ಇಲ್ಲಿಗೆ ಮಾರ್ಗದರ್ಶಕರ ಜೊತೆ ಸಣ್ಣ ಗುಂಪಿನಲ್ಲಿ ಜೀಪಿನಲ್ಲೇ ಹೋಗಬೇಕು. ಸೀಟು ಕೆಲವೇ ಇರುವುದರಿಂದ ವಾರಗಳ ಮುಂಚೆ ಬುಕ್ ಮಾಡಿ. ಕನಾದಾ ದು ಇನ್ಫೆರ್ನು ತಾಣಕ್ಕೆ ಬೆಳಿಗ್ಗೆ, ಪೆನಶ್ಕೋಜಾಕ್ಕೆ ಮಧ್ಯಾಹ್ನದ ಮೇಲೆ. ಹೊತ್ತು ಬೇರೆ ಬೇರೆ ಇರಲು ಕಾರಣ ಬೆಳಕು: ಇವು ಬಣ್ಣವಿಲ್ಲದ ಗೀರುಗಳು, ಓರೆಬಿಸಿಲು ಬಿದ್ದು ಗೀರಿನೊಳಗೆ ನೆರಳು ನಿಂತಾಗಲೇ ಕಾಣುವುದು. ಪೆನಶ್ಕೋಜಾದ ಜೀಪು ಹೊರಡುವುದು ಫೋಜ್ ಕೋವಾದ ವಸ್ತುಸಂಗ್ರಹಾಲಯದಿಂದಲ್ಲ, ಕಶ್ತೇಲು ಮೆಲ್ಯೋರ್ ಹಳ್ಳಿಯಿಂದ. ಇದು ಗೊತ್ತಿಲ್ಲದೆ ತಪ್ಪು ಜಾಗದಲ್ಲಿ ಕಾದು ಸರದಿ ಕಳೆದುಕೊಳ್ಳಬೇಡಿ. ಒಂದರ ಮೇಲೊಂದು ಕೊರೆದ ಕಾಡೆತ್ತು, ಕುದುರೆ, ಕಾಡುಮೇಕೆಗಳನ್ನು ಬಿಡಿಸಿ ನೋಡಲು ಕಣ್ಣಿಗೆ ಸ್ವಲ್ಪ ಹೊತ್ತು ಬೇಕು. ಮೊದಲು ಬೆನ್ನಿನ ಗೆರೆ ಹಿಡಿಯಿರಿ, ಆಮೇಲೆ ಕೊಂಬು, ಕೊನೆಗೆ ಕಾಲು. ಪೆನಶ್ಕೋಜಾದ ಒಂದು ಬಂಡೆಯಲ್ಲಿ ಕುದುರೆಯೊಂದಕ್ಕೆ ಮೂರು ತಲೆಗಳಿವೆ. ತಲೆಯಾಡಿಸುವ ಚಲನೆಯನ್ನು ಕಲ್ಲಿನಲ್ಲಿ ಹಿಡಿದದ್ದು.

ಪುಸೀನ್ಯು ನಿಲ್ದಾಣದಿಂದ ಫೋಜ್ ಕೋವಾ ಊರಿಗೆ ಸುಮಾರು 8 ಕಿ.ಮೀ., ಅದೂ ಏರುದಾರಿ. ಟ್ಯಾಕ್ಸಿಗೆ ಹಿಂದಿನ ದಿನವೇ ಹೋಟೆಲಿನವರಿಂದ ಹೇಳಿಸಿ, ವಾಪಸು ಬರುವ ಹೊತ್ತನ್ನೂ ಆಗಲೇ ತಿಳಿಸಿ.

ಊಟ

ಅಡುಗೆಮನೆ ಮಧ್ಯಾಹ್ನ 12.30ರಿಂದ ಎರಡೂವರೆಯವರೆಗೆ ಮಾತ್ರ ಎಂದು ತಿಳಿಯಿರಿ. ಕೂತ ಕೂಡಲೇ ತಂದಿಡುವ ಬ್ರೆಡ್, ಆಲಿವ್, ಚೀಸ್ ಪುಕ್ಕಟೆಯಲ್ಲ, ಬೇಡವಾದರೆ ಮುಟ್ಟದೆ ವಾಪಸು ಕಳಿಸಿ. ಸಸ್ಯಾಹಾರಿಗಳು ‘ಸೆಂ ಕಾರ್ನ್, ಸೆಂ ಪೇಯ್ಶ್’, ಅಂದರೆ ಮಾಂಸ ಬೇಡ, ಮೀನು ಬೇಡ, ಎಂದು ಎರಡನ್ನೂ ಹೇಳಬೇಕು. ಕಾಲ್ದು ವೆರ್ದ್ ಎಂಬ ಸೊಪ್ಪಿನ ಸೂಪಿನಲ್ಲಿ ಹಂದಿಮಾಂಸದ ಬಿಲ್ಲೆ ತೇಲುತ್ತಿರುತ್ತದೆ, ಅದನ್ನು ತೆಗೆದರೂ ಸಾರು ಮಾಂಸದ್ದೇ ಇರಬಹುದು. ಆಮ್ಲೆಟ್, ಸಲಾಡ್, ಅನ್ನ ಎಲ್ಲ ಊರಿನಲ್ಲೂ ಸಿಗುತ್ತವೆ. ಅನ್ನವನ್ನು ಮಾಂಸದ ರಸದಲ್ಲಿ ಬೇಯಿಸಿದ್ದಾರೆಯೇ ಎಂದು ಕೇಳಿಯೇ ತಟ್ಟೆಗೆ ಹಾಕಿಸಿಕೊಳ್ಳಿ. ಭಾನುವಾರ ಹಳ್ಳಿಯ ಅಂಗಡಿಗಳು ಮುಚ್ಚಿರುತ್ತವೆ, ನಡಿಗೆಗೆ ಬೇಕಾದ ಬ್ರೆಡ್ಡು, ಹಣ್ಣು ಶನಿವಾರವೇ ತಂದಿಟ್ಟುಕೊಳ್ಳಿ.