ಆಲೆಮನೆ ಚಿತ್ರದಲ್ಲಿ ಬಾಚಣಿಗೆ ಹುಡುಕಿಸಿದ್ದು

ಕರಿಹಲಗೆ ಮೇಲೆ ದೊಡ್ಡದಾಗಿ ‘ದ’ ಬರೆದರೆ ಥಟ್ಟನೆ ಹೇಳುತ್ತಿದ್ದ ಹುಡುಗ, ಪುಸ್ತಕದ ಪುಟದಲ್ಲಿ ಅದೇ ‘ದ’ ತೋರಿಸು ಅಂದರೆ ತಬ್ಬಿಬ್ಬಾಗುತ್ತಿದ್ದ. ಮಂಡ್ಯ ಜಿಲ್ಲೆಯ ಹಳ್ಳಿ ಶಾಲೆಯೊಂದರಲ್ಲಿ ಒಂದನೇ, ಎರಡನೇ ತರಗತಿಗೆ ಕಲಿಸುವ ನಾನು, ಅವನಿಗೆ ಗಮನವೇ ಇಲ್ಲ ಎಂದುಕೊಂಡು ಎಷ್ಟೋ ದಿನ ಗದರಿದೆ. ತಪ್ಪು ನನ್ನದು. ಅಕ್ಷರ ಅವನಿಗೆ ಬರುತ್ತಿತ್ತು. ಗುಂಪಿನೊಳಗಿಂದ ಅದನ್ನು ಕಣ್ಣಲ್ಲೇ ಬಿಡಿಸಿಕೊಳ್ಳುವುದು ಬರುತ್ತಿರಲಿಲ್ಲ.

1960ರ ದಶಕದಲ್ಲಿ ಮಕ್ಕಳ ದೃಷ್ಟಿಗ್ರಹಿಕೆಯ, ಅಂದರೆ ಕಣ್ಣಿಗೆ ಕಂಡದ್ದನ್ನು ಗುರುತಿಸಿ ಅರ್ಥ ಮಾಡಿಕೊಳ್ಳುವುದರ, ಪರೀಕ್ಷೆ ರೂಪಿಸಿದ ಮರಿಯಾನ್ ಫ್ರಾಸ್ಟಿಗ್ ಅಳೆಯಲು ಆರಿಸಿಕೊಂಡ ಐದು ಸಾಮರ್ಥ್ಯಗಳಲ್ಲಿ ಇದೂ ಒಂದು: ಹಿನ್ನೆಲೆಯ ಗೋಜಲಿನಿಂದ ಬೇಕಾದ ಆಕೃತಿಯನ್ನು ಹೆಕ್ಕುವುದು. ಕನ್ನಡ ಕಲಿಯುವ ಮಗುವಿಗೆ ಇದು ಬಹಳ ಬೇಕು. ದ–ಧ, ಬ–ಭ, ಪ–ಷ, ರ–ಠ ಇವುಗಳ ನಡುವೆ ಇರುವುದು ಒಂದು ಸಣ್ಣ ಗೆರೆ, ಇಲ್ಲವೇ ಒಂದು ಚುಕ್ಕೆ.

ಇದನ್ನು ಹುಡುಕುವ ಆಟಗಳಿಂದ ಕಲಿಸೋಣ ಎಂದುಕೊಂಡೆ. ಆಟಕ್ಕೂ ಮೊದಲು ಕಣ್ಣು ಪರೀಕ್ಷೆ ಮಾಡಿಸಿ ಎಂದು ಎಲ್ಲ ಪೋಷಕರಿಗೂ ಹೇಳಿದೆ. ಆ ಹುಡುಗನ ಕಣ್ಣು ಚೆನ್ನಾಗಿತ್ತು. ಅದೇ ತರಗತಿಯ ಒಬ್ಬ ಹುಡುಗಿಗೆ ಕನ್ನಡಕ ಬಂತು. ಕಣ್ಣೇ ಮಂಜಾಗಿರುವ ಮಗುವಿಗೆ ಎಂಥ ಆಟ ಆಡಿಸಿ ಏನು ಫಲ?

ಶುರು ಮಾಡಿದ್ದು ಮೊರದಿಂದ. ಹುರುಳಿಯಲ್ಲಿ ಹತ್ತು ಕಡಲೆಕಾಳು ಬೆರೆಸಿ ಹುಡುಕಿಸಿದೆ. ಅದು ಸಲೀಸಾದ ಮೇಲೆ ಹುರುಳಿಯಲ್ಲಿ ತೊಗರಿ, ಕೊನೆಗೆ ಅಕ್ಕಿಯಲ್ಲಿ ನೆಲ್ಲು. ಮನೆಯಲ್ಲಿ ಅಜ್ಜಿ ಪಕ್ಕ ಕೂತು ಅಕ್ಕಿ ಆರಿಸಿದ್ದ ಮಕ್ಕಳು ಇದರಲ್ಲಿ ಎಲ್ಲರಿಗಿಂತ ಚುರುಕಾಗಿದ್ದರು.

ಆಮೇಲೆ ಚಿತ್ರ. ಡ್ರಾಯಿಂಗ್ ಹಾಳೆ ಮೇಲೆ ನಮ್ಮೂರ ಆಲೆಮನೆ ಬರೆದೆ: ಗಾಣ, ಕೊಪ್ಪರಿಗೆ, ಬೆಲ್ಲದ ಅಚ್ಚು, ಕಬ್ಬಿನ ಸಿಪ್ಪೆಯ ರಾಶಿ. ಸಿಪ್ಪೆಯೊಳಗೆ ಬಾಚಣಿಗೆ, ಹೊಗೆಯೊಳಗೆ ಬಾತುಕೋಳಿ, ಗಾಣದ ಹಲ್ಲುಗಳ ನಡುವೆ ಬೀಗದ ಕೈ. ಮೊದಲ ಚಿತ್ರದಲ್ಲೇ ಹದಿನೈದು ವಸ್ತು ತುರುಕಿಬಿಟ್ಟಿದ್ದೆ. ಎರಡು ನಿಮಿಷಕ್ಕೆ ಮಕ್ಕಳು ಸೋತು, ಕಂಡಕಂಡಲ್ಲಿ ಬೆರಳಿಟ್ಟು “ಇದಾ ಮಿಸ್? ಇದಾ?” ಎನ್ನತೊಡಗಿದರು. ಮಾರನೇ ದಿನ ನಾಲ್ಕೇ ವಸ್ತು ಇಟ್ಟೆ. ಎಲ್ಲವನ್ನೂ ಹುಡುಕಿದರು.

ಆಗ ನನಗೆ ಹೊಳೆದದ್ದು, ಎಷ್ಟು ಸಿಕ್ಕಿತು ಎನ್ನುವುದಕ್ಕಿಂತ ಹೇಗೆ ಹುಡುಕಿದರು ಎನ್ನುವುದನ್ನು ನಾನು ನೋಡಬೇಕು ಎಂದು. ಆ ಹುಡುಗನ ಕಣ್ಣು ಹಾಳೆಯ ನಡುವೆಯೇ ಸುತ್ತುತ್ತಿತ್ತು, ಮೂಲೆಗಳಿಗೆ ಹೋಗುತ್ತಲೇ ಇರಲಿಲ್ಲ. “ಎಲ್ಲೆಲ್ಲಿ ನೋಡ್ದೆ ಹೇಳಪ್ಪ” ಅಂದೆ. “ಎಲ್ಲಾ ಕಡೆ ನೋಡ್ದೆ ಮಿಸ್, ಇಲ್ವೇ ಇಲ್ಲ” ಅಂದ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬಿಡಿಸಿ, ಒಂದೊಂದು ಮನೆಯನ್ನೂ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಬೆರಳಾಡಿಸಿ ನೋಡುವುದನ್ನು ಕಲಿಸಿದೆ. ಉತ್ತು ಮುಗಿಸಿದ ಸಾಲಿಗೆ ಮತ್ತೆ ನೇಗಿಲು ಹಾಕಬಾರದು ಅಂದರೆ ಅವನಿಗೆ ತಕ್ಷಣ ಅರ್ಥವಾಯಿತು. ಸಿಕ್ಕ ಮೇಲೆ ಬೆರಳು ತೋರಿಸಿದರೆ ಸಾಲದು, “ಕೊಪ್ಪರಿಗೆಯ ಬಲಗಡೆ, ಸೌದೆ ಕೆಳಗೆ” ಎಂದು ಬಾಯಲ್ಲಿ ಹೇಳಲೇಬೇಕು. ಈ ಒಂದು ನಿಯಮದಿಂದ ಅಂದಾಜಿಗೆ ಬೆರಳಿಡುವುದು ನಿಂತುಹೋಯಿತು.

ಮೊಬೈಲಿನಲ್ಲೂ ಇಂಥ ಆಟಗಳಿವೆ, ಮನೆಯಲ್ಲಿ ಆಡಿಸಬಹುದೇ ಎಂದು ತಾಯಂದಿರು ಕೇಳುತ್ತಾರೆ. ನಾನು ಹಾಳೆಯನ್ನೇ ಕೊಡುತ್ತೇನೆ. ಪರದೆ ಮೇಲೆ ಸಿಕ್ಕಸಿಕ್ಕಲ್ಲಿ ಒತ್ತಿದರೂ ಯಾವುದೋ ಒಂದು ತಗಲುತ್ತದೆ, ಕಾಯುವ ತಾಳ್ಮೆ ಬೆಳೆಯುವುದಿಲ್ಲ. ದಸರಾ ಸಮಯದಲ್ಲಿ ಗೊಂಬೆ ಕೂರಿಸುವ ಮನೆಯವರಿಗೆ ಬೇರೆ ಆಟ ಹೇಳಿಕೊಟ್ಟೆ: ಒಂದು ಮೆಟ್ಟಿಲನ್ನು ಚೆನ್ನಾಗಿ ನೋಡಿಸಿ, ಮಗು ಕಣ್ಣು ಮುಚ್ಚಿದಾಗ ಒಂದು ಗೊಂಬೆ ತೆಗೆದು, ಯಾವುದು ಹೋಯಿತು ಎಂದು ಕೇಳುವುದು. ಇದು ನೋಡಿದ್ದನ್ನು ನೆನಪಿಡುವ ಅಭ್ಯಾಸ.

ಬಾಚಣಿಗೆ ಹುಡುಕಿದ ಮಾತ್ರಕ್ಕೆ ಓದು ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಹುಡುಕುವ ಆ ಕ್ರಮವನ್ನು ಅಕ್ಷರದ ಮೇಲೆ ತರಲೇಬೇಕು. ಹಳೆಯ ಪತ್ರಿಕೆಯ ತಲೆಬರಹಗಳನ್ನು ಕತ್ತರಿಸಿ ಕೊಟ್ಟು ‘ದ’ಗೆಲ್ಲ ಸುತ್ತು ಹಾಕಿ, ‘ಧ’ ಬಿಡಿ ಅಂದೆ. ಪಾಠದ ಪುಟಕ್ಕೆ, ಒಂದು ಸಾಲು ಮಾತ್ರ ಕಾಣುವಂತೆ ರಟ್ಟಿನಲ್ಲಿ ಕಿಟಕಿ ಕೊರೆದು ಕೊಟ್ಟೆ. ಕಳೆದ ವಾರ ಅವನ ರಟ್ಟಿನ ಕಿಟಕಿಯನ್ನು ಮೂರು ಸಾಲಿನಷ್ಟು ಅಗಲ ಮಾಡಿದ್ದೇನೆ.