ಕೈ ಸುಟ್ಟ ಅರ್ತಿಂಗ್ ಬೋಲ್ಟು

ಕಾರಿನ ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಕೂರಿಸಿ ಎರಡು ವಾರವಾಗಿತ್ತು. ಹಾಡಿನಲ್ಲಿ ಬೇಸ್ ಏರಿದಾಗಲೆಲ್ಲ ಅದರ ಕೆಂಪು ದೀಪ ಹತ್ತಿ ಸದ್ದು ನಿಂತುಹೋಗುತ್ತಿತ್ತು. ಯಂತ್ರವೇ ಕೆಟ್ಟಿದೆ ಎಂದುಕೊಂಡು ಬಿಚ್ಚಲು ಹೋದಾಗ, ಅದರ ನೆಗೆಟಿವ್ ತಂತಿಯನ್ನು ಕಾರಿನ ಲೋಹದ ಬಾಡಿಗೆ ಸೇರಿಸುವ ಅರ್ತಿಂಗ್ ಬೋಲ್ಟಿಗೆ ಬೆರಳು ತಗುಲಿತು. ಚುರ್ ಎಂದಿತು. ಆಂಪ್ಲಿಫೈಯರ್ ಉಗುರು ಬೆಚ್ಚಗಿತ್ತು, ಬೋಲ್ಟು ಮಾತ್ರ ಕಾದ ಕಬ್ಬಿಣ.

ಆ ಬೋಲ್ಟು ನಾನು ಹೊಸದಾಗಿ ಹಾಕಿದ್ದಲ್ಲ. ಹಿಂದಿನ ಸೀಟಿನ ಪಕ್ಕ ಮೊದಲೇ ಇದ್ದ ಒಂದನ್ನು ಸಡಿಲಿಸಿ, ಬಣ್ಣದ ಮೇಲೆಯೇ ಲಗ್, ಅಂದರೆ ತಂತಿಯ ತುದಿಯ ಲೋಹದ ಬಳೆ, ಇಟ್ಟು ಬಿಗಿ ಮಾಡಿದ್ದೆ. ಮಲ್ಟಿಮೀಟರ್ ಹಿಡಿದು ರೋಧವನ್ನೂ ನೋಡಿದ್ದೆ, 0.2 ಓಮ್ ತೋರಿಸಿತ್ತು. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೂ ಅಷ್ಟೇ ಬರುವುದರಿಂದ ಸಂಪರ್ಕ ಚೆನ್ನಾಗಿದೆ ಎಂದು ನಂಬಿದೆ. ನಾನು ಎಡವಿದ್ದು ಅಲ್ಲಿಯೇ.

ನನ್ನದು 450 ವ್ಯಾಟ್‌ನ, ಕ್ಲಾಸ್ ಡಿ ಎಂಬ ಕಡಿಮೆ ಬಿಸಿಯಾಗುವ ಬಗೆಯ ಆಂಪ್ಲಿಫೈಯರ್. ದಕ್ಷತೆ ಶೇಕಡಾ 80 ಎಂದಿಟ್ಟುಕೊಂಡರೆ, ಎಂಜಿನ್ ಓಡುವಾಗಿನ 13.8 ವೋಲ್ಟ್‌ನಲ್ಲಿ ಅದು ಸುಮಾರು 40 ಆಂಪಿಯರ್ ಎಳೆಯುತ್ತದೆ. ಪಾಸಿಟಿವ್ ತಂತಿಯಲ್ಲಿ ಬಂದಷ್ಟೂ ವಿದ್ಯುತ್ತು ಈ ಬೋಲ್ಟಿನ ಮೂಲಕವೇ ಹಿಂದಿರುಗಬೇಕು. ಈ ಸಲ ರೋಧವನ್ನು ಬಿಟ್ಟು ವೋಲ್ಟೇಜ್ ಅಳೆದೆ. ಎಂಜಿನ್ ಚಾಲೂ ಮಾಡಿ, 50 ಹರ್ಟ್ಸ್‌ನ ಒಂದೇ ಸ್ವರವನ್ನು ಕೆಲವೇ ಸೆಕೆಂಡು ಜೋರಾಗಿ ನುಡಿಸಿದೆ. ಮೀಟರಿನ ಒಂದು ಕಡ್ಡಿ ಲಗ್ ಮೇಲೆ, ಇನ್ನೊಂದು ಪಕ್ಕದ ಬರಿ ತಗಡಿನ ಮೇಲೆ. 1.3 ವೋಲ್ಟ್! ಆ ಎರಡರ ನಡುವೆ ಒಂದು ಅಂಗುಲವೂ ಇರಲಿಲ್ಲ. 40 ಆಂಪಿಯರಿಗೆ ಗುಣಿಸಿದರೆ 52 ವ್ಯಾಟ್. ಹೆಡ್‌ಲೈಟಿನ ಒಂದು ಹ್ಯಾಲೊಜೆನ್ ಬಲ್ಬು ಉರಿಯುವಷ್ಟು ಶಕ್ತಿ, ಸೀಟಿನ ಬಟ್ಟೆಯ ಪಕ್ಕದಲ್ಲಿ, ಬೆರಳುಗಾತ್ರದ ಬೋಲ್ಟಿನಲ್ಲಿ ಬಿಸಿಯಾಗಿ ಹೋಗುತ್ತಿತ್ತು. ರೋಧದ ಲೆಕ್ಕದಲ್ಲಿ ಅದು ಬರೀ 0.03 ಓಮ್. ಸಾಧಾರಣ ಮೀಟರಿನ ಕಣ್ಣಿಗೆ ಅಷ್ಟು ಸಣ್ಣದು ಬೀಳುವುದೇ ಇಲ್ಲ.

ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಶುರು ಮಾಡಿದೆ. ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿದೆ. ಪಾಸಿಟಿವ್‌ಗೆ ಮೊದಲು ಕೈ ಹಾಕಿದರೆ ಸ್ಪ್ಯಾನರ್ ಬಾಡಿಗೆ ತಗುಲಿ ನೇರ ಶಾರ್ಟ್ ಆಗಬಹುದು. ಸೀಟ್‌ಬೆಲ್ಟಿನ ಬೋಲ್ಟು ಹತ್ತಿರದಲ್ಲೇ ಇತ್ತು, ಗಟ್ಟಿಯಾಗಿಯೂ ಇತ್ತು. ಆದರೆ ಅಪಘಾತದಲ್ಲಿ ಒಂದು ಜೀವವನ್ನು ಹಿಡಿದು ನಿಲ್ಲಿಸುವ ಬೋಲ್ಟದು. ಅದನ್ನು ಯಾರೂ ಮುಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಡಿಕ್ಕಿಯ ನೆಲದಲ್ಲಿ ಬೇರೆ ಜಾಗ ಆರಿಸಿದೆ. ಡ್ರಿಲ್ ಹಿಡಿಯುವ ಮುನ್ನ ಕಾರಿನ ಅಡಿಗೆ ನುಸುಳಿ ಟಾರ್ಚ್ ಹಾಕಿ ನೋಡಿದೆ. ನಾನು ಮೊದಲು ಗುರುತು ಹಾಕಿದ್ದ ಜಾಗದ ಕೆಳಗೇ ಬ್ರೇಕ್ ಪೈಪು ಹಾದುಹೋಗಿತ್ತು. ಗುರುತನ್ನು ಒಂದು ಗೇಣು ಸರಿಸಿದೆ.

ರಂಧ್ರ ಕೊರೆದ ಮೇಲೆ ಉಪ್ಪುಕಾಗದದಿಂದ ಸುತ್ತಲೂ ಉಜ್ಜತೊಡಗಿದೆ. ಮೊದಲು ಮೇಲಿನ ಬಣ್ಣ ಹೋಯಿತು, ಆಮೇಲೆ ಬೂದು ಬಣ್ಣದ ಪ್ರೈಮರ್ ಕಾಣಿಸಿತು. ಅದು ನೋಡಲು ಲೋಹದಂತೆಯೇ ಇರುತ್ತದೆ, ಬಹಳ ಮಂದಿ ಅಲ್ಲಿಗೇ ನಿಲ್ಲಿಸುತ್ತಾರೆ. ಇನ್ನೂ ಉಜ್ಜಿದ ಮೇಲೆ, ಲಗ್‌ಗಿಂತ ತುಸು ಅಗಲಕ್ಕೆ, ಕನ್ನಡಿಯಂಥ ಬಿಳಿ ಹೊಳಪು ಬಂತು. ತಗಡಿನ ಮೇಲೆ ನೇರವಾಗಿ ಲಗ್, ಅದರ ಮೇಲೆ ಹಲ್ಲಿರುವ ವಾಷರ್, ಕೆಳಗಿನಿಂದ ನಟ್ಟು. ತಂತಿ ಪಾಸಿಟಿವ್‌ನಷ್ಟೇ ದಪ್ಪದ್ದು, 21 ಚದರ ಮಿಲಿಮೀಟರಿನ ಅಪ್ಪಟ ತಾಮ್ರ, ಉದ್ದ 40 ಸೆಂಟಿಮೀಟರ್. ತಾಮ್ರದ ಲೇಪನವಿರುವ ಅಲ್ಯೂಮಿನಿಯಂ ತಂತಿ ನೋಡಲು ಅಷ್ಟೇ ದಪ್ಪವಿದ್ದರೂ ಅದರ ರೋಧ ಹೆಚ್ಚು. ಬಿಗಿ ಮಾಡಿದ ನಂತರ ಮೇಲೆ ಕೆಳಗೆ ಎರಡೂ ಕಡೆ ಬಣ್ಣ ಬಳಿದೆ, ಇಲ್ಲವಾದರೆ ಬರಿದಾದ ತಗಡು ತುಕ್ಕು ಹಿಡಿಯುತ್ತದೆ.

ಆಂಪ್ಲಿಫೈಯರನ್ನೂ ಜಾಗ ಬದಲಿಸಿದೆ. ಮೊದಲು ಅದನ್ನು ಸಬ್‌ವೂಫರ್, ಅಂದರೆ ಬೇಸ್ ಸದ್ದಿನ ಸ್ಪೀಕರ್, ಇರುವ ಪೆಟ್ಟಿಗೆಯ ಮೇಲೆಯೇ ಕೂರಿಸಿದ್ದೆ. ಅಲ್ಲಿನ ಅದುರುವಿಕೆಗೆ ಎರಡು ಸ್ಕ್ರೂ ಆಗಲೇ ಸಡಿಲಾಗಿದ್ದವು. ಈಗ 12 ಮಿಲಿಮೀಟರ್ ಪ್ಲೈವುಡ್ ಹಲಗೆಯನ್ನು ಬೋಲ್ಟು ಹಾಕಿ ಬಾಡಿಗೆ ಬಿಗಿದು, ಅದರ ಮೇಲೆ ಆಂಪ್ಲಿಫೈಯರ್ ಕೂರಿಸಿ, ಗಾಳಿಯಾಡಲು ಸುತ್ತ ನಾಲ್ಕು ಬೆರಳು ಜಾಗ ಬಿಟ್ಟಿದ್ದೇನೆ. ಪಾಸಿಟಿವ್ ತಂತಿಗೆ ಬ್ಯಾಟರಿಯಿಂದ 30 ಸೆಂಟಿಮೀಟರಿನೊಳಗೆ 60 ಆಂಪಿಯರ್ ಫ್ಯೂಸ್ ಮೊದಲೇ ಇತ್ತು. ಎಂಜಿನ್ ಗೋಡೆ ದಾಟುವಲ್ಲಿ ರಬ್ಬರ್ ಬಳೆಯೂ ಇತ್ತು. ಆ ಫ್ಯೂಸ್ ಕಾಯುವುದು ತಂತಿಯನ್ನು. ಹಿಂದೆ ಡಿಕ್ಕಿಯಲ್ಲಿ ಹಾಕಿದರೆ ದಾರಿಯುದ್ದಕ್ಕೂ ಇರುವ ತಂತಿಗೆ ಕಾವಲೇ ಇರುವುದಿಲ್ಲ.

ಮತ್ತೆ ಅದೇ 50 ಹರ್ಟ್ಸ್ ಸ್ವರ ನುಡಿಸಿದೆ. ಈ ಬಾರಿ ಉದ್ದನೆಯ ತಂತಿ ಎಳೆದು ಆಂಪ್ಲಿಫೈಯರಿನ ನೆಗೆಟಿವ್‌ನಿಂದ ಬ್ಯಾಟರಿಯ ನೆಗೆಟಿವ್‌ವರೆಗೂ ಅಳೆದೆ. ಇಡೀ ದಾರಿಗೆ 0.08 ವೋಲ್ಟ್. ಎಂಜಿನ್ ವೇಗ ಏರಿದಂತೆ ಸ್ಪೀಕರಿನಲ್ಲಿ ಏರುತ್ತಿದ್ದ ಸಣ್ಣ ಕೊರಗು ಸದ್ದೂ ನಿಂತಿತು. ಆರು ತಿಂಗಳ ಬಳಿಕ ಅಳೆದಾಗಲೂ ಅಂಕಿ ಹೆಚ್ಚೇನೂ ಬದಲಾಗಿರಲಿಲ್ಲ. ಬೋಲ್ಟಿನ ಮೇಲೆ ಬೆರಳಿಟ್ಟು ನೋಡಿದೆ, ತಣ್ಣಗಿತ್ತು.